ತುತ್ತೂರಿಗೆ ಕರೆಂಟು, ತಂಬೂರಿಗೆ ದಾರ

ಹೋದ ವರ್ಷ ಲಗ್ನದ ಸೀಸನ್‌ನಲ್ಲಿ ನನ್ನಿಂದಾಗಿ ಒಂದು ಕುದುರೆ ಬೆದರಿತು. ಬೇರೆಯವರ ಬಾಯಲ್ಲಿ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮಿರಜದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಊರು ಜತ್ತ ತಾಲೂಕಿನದು. ಮನೆಮಾತು ಕನ್ನಡ, ಹತ್ತನೇತ್ತೆವರೆಗೆ ಕನ್ನಡ ಶಾಲೆ, ಆಮೇಲೆ ಸಾಂಗಲಿಯಲ್ಲಿ ಐಟಿಐ. ಮೊದಲು ರೇಡಿಯೋ, ಟಿವಿ ನೋಡುತ್ತಿದ್ದೆ. ಟಿವಿ ಚಪ್ಪಟೆಯಾದ ಮೇಲೆ ರಿಪೇರಿ ಮಾಡೋಕೆ ಅದರಲ್ಲಿ ಏನೂ ಉಳಿಯಲಿಲ್ಲ. ಪ್ಯಾನೆಲ್ ಹೋಯಿತು ಅಂದರೆ ಹೋಯಿತು. ಈಗ ನನ್ನ ಟೇಬಲ್‌ಗೆ ಬರೋದು ಭಜನಾ ಮಂಡಳಿಯ ಆಂಪ್ಲಿಫೈಯರ್, ಬೆಂಜೋ ಪಾರ್ಟಿಯ ಮಿಕ್ಸರ್, ಸಂಗೀತದ ಮೇಷ್ಟ್ರುಗಳ ಎಲೆಕ್ಟ್ರಾನಿಕ್ ತಂಬೂರಿ.

ಇಲ್ಲಿನ ಒಂದು ಬ್ಯಾಂಡ್ ಕಂಪನಿಯಲ್ಲಿ ಟ್ರಂಪೆಟ್ ಊದುವ ಕಾಕಾ ಒಬ್ಬರಿದ್ದಾರೆ. ಅರವತ್ತು ದಾಟಿದೆ. ಮುಂದಿನ ಎರಡು ಹಲ್ಲು ಅಲುಗಾಡುತ್ತವೆ. ಟ್ರಂಪೆಟ್ಟಿನವರಿಗೆ ಮುಂದಿನ ಹಲ್ಲು ಅಂದರೆ ಎತ್ತಿಗೆ ಹೆಗಲು ಇದ್ದ ಹಾಗೆ. "ದಮ್ಮು ಕಮ್ಮಿ ಆಗೇತಿ ತಮ್ಮಾ, ಇಕೋ ಹಾಕಿ ಕೊಡು. ಒಂದ್ ಸಲ ಊದಿದ್ರ ನಾಕ್ ಸಲ ಕೇಳ್ಬೇಕು" ಅಂದರು. ಗುಜರಿಯಲ್ಲಿ ಸಿಕ್ಕಿದ್ದ ಹಳೇ ಇಕೋ ಡಬ್ಬಿಯನ್ನು ಸರಿಮಾಡಿ ಬ್ಯಾಂಡಿನ ಗಾಡಿಗೆ ಕಟ್ಟಿಕೊಟ್ಟೆ. ಅದರಲ್ಲಿ ರಿಪೀಟ್ ಅಂತ ಒಂದು ಗುಬ್ಬಿ ಇರುತ್ತದೆ. ಎಷ್ಟು ತಿರುವುತ್ತೀರೋ ಅಷ್ಟು ಸಲ ದನಿ ಮರಳಿ ಬರುತ್ತದೆ. ಪೂರ್ತಿ ತಿರುವಿದರೆ ದನಿ ಸಾಯೋದೇ ಇಲ್ಲ, ತನ್ನನ್ನೇ ತಾನು ತಿಂದು ಬೆಳೆಯುತ್ತದೆ. ಮೆರವಣಿಗೆ ಸ್ಪೀಡ್‌ಬ್ರೇಕರ್ ಹತ್ತಿ ಇಳಿಯುವಾಗ ಗಾಡಿ ಕುಲುಕಿ, ಸಡಿಲವಿದ್ದ ಗುಬ್ಬಿ ತಾನೇ ತಿರುಗಿತು. ಕಾಕಾ ಊದೋದು ನಿಲ್ಲಿಸಿದರೂ ಟ್ರಂಪೆಟ್ ನಿಲ್ಲಲಿಲ್ಲ. ಮೊದಲು ಪೇಂ ಪೇಂ, ಆಮೇಲೆ ಒಂದೇ ಕೂಗು, ಕೊನೆಗೆ ರೈಲು ಮೈಮೇಲೆ ಬಂದ ಹಾಗೆ. ಕುದುರೆ ಎರಡು ಕಾಲ ಮೇಲೆ ನಿಂತಿತು. ಮದುಮಗ ಬೀಳಲಿಲ್ಲ, ಬಾಸಿಂಗ ಬಿತ್ತು. ಗುಬ್ಬಿ ಬಿಗಿಯದೆ ಕೊಟ್ಟಿದ್ದು ನನ್ನದೇ ತಪ್ಪು, ಮಜೂರಿ ಬಿಟ್ಟುಕೊಟ್ಟೆ.

ಈ ಸುದ್ದಿ ಊರೆಲ್ಲ ಆಯಿತು. ಗಿರಾಕಿಯೊಬ್ಬರ ಮಗ ಪುಣೆಯಲ್ಲಿ ಎಂಜಿನಿಯರು, ಹಾಡೋದನ್ನೂ ಕಲಿಯುತ್ತಾನೆ. ಅವನು ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದ. ಕೆಳಗೆ ಬರೆದಿದ್ದ: "ಕಾಕಾ, ನಿಮ್ಮಂಗ ಟ್ರಂಪೆಟ್‌ಗೆ ಕರೆಂಟ್ ಕೊಟ್ಟಾಂವ ಇನ್ನೊಬ್ಬ ಇದ್ದಾನ. ಕುದ್ರಿ ಕಟ್ಟಿ ಹಾಕಿ ಕೇಳ್ರಿ."

ಅದು ಜಾನ್ ಹ್ಯಾಸೆಲ್ ಅವರ ಮೊದಲ ಆಲ್ಬಂ, 'ವರ್ನಲ್ ಈಕ್ವಿನಾಕ್ಸ್'. 1977ರದ್ದು. 2020ರಲ್ಲಿ ಮತ್ತೆ ಹೊರಬಂದಿದೆ. ಹೆಸರಿನ ಅರ್ಥ ವಸಂತ ಋತುವಿನಲ್ಲಿ ಹಗಲು ಇರುಳು ಸಮ ಆಗುವ ದಿನ.

ಅಂಗಡಿಯಲ್ಲಿ ಟೆಸ್ಟಿಂಗ್‌ಗೆ ಇಟ್ಟ ದೊಡ್ಡ ಸ್ಪೀಕರಿಗೆ ಫೋನ್ ಹಚ್ಚಿದೆ. ಮೊದಲನೇ ತುಣುಕು 'ಟೂಕನ್ ಓಶನ್'. ಎರಡು ನಿಮಿಷ ಕೇಳಿ ಹುಡುಗ ತಪ್ಪು ಲಿಂಕ್ ಕಳಿಸಿದ ಅಂದುಕೊಂಡೆ. ಟ್ರಂಪೆಟ್ ಎಲ್ಲಿದೆ? ಯಾರೋ ಕೊಡಕ್ಕೆ ಬಾಯಿಟ್ಟು ಮೆಲ್ಲಗೆ ಗುನುಗುತ್ತಿದ್ದರು. ಆ ಕಡೆಯಿಂದ ಇನ್ನೊಬ್ಬರು ಓ ಅನ್ನುತ್ತಿದ್ದರು. ಹಿಂದೆ ನೀರು ಬಂದು ಹೋದ ಹಾಗೆ ತಾಳ. ನಾನು ಕಾಯುತ್ತಲೇ ಇದ್ದೆ, ಟ್ರಂಪೆಟ್ ಬರಲಿ ಅಂತ. ತುಣುಕು ಮುಗಿಯುವ ಹೊತ್ತಿಗೆ ತಲೆಗೆ ಹೊಳೆಯಿತು. ಆ ಗುನುಗೇ ಟ್ರಂಪೆಟ್. ಉಸಿರಿನ ಸದ್ದೂ ಸೇರಿ ಕೇಳುತ್ತದೆ, ತುಟಿಗೆ ತುಟಿ ತಾಗೋದು ಕೇಳುತ್ತದೆ. ಹಿತ್ತಾಳೆಯ ವಾಸನೆಯೇ ಇಲ್ಲ.

ಹ್ಯಾಸೆಲ್ ಹುಟ್ಟಿದ್ದು ಅಮೆರಿಕದ ಮೆಂಫಿಸ್‌ನಲ್ಲಿ, 1937ರಲ್ಲಿ. ಆ ಇಸವಿ ಓದಿದ ಕೂಡಲೇ ಮಿರಜದವರಿಗೆ ಬೇರೆಯೇ ನೆನಪಾಗುತ್ತದೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರು ತೀರಿಕೊಂಡ ವರ್ಷ ಅದು. ಮದ್ರಾಸಿನ ಕಡೆ ಕಛೇರಿಗೆ ಹೋದವರು ಸಿಂಗಪೆರುಮಾಳ್ ಕೋಯಿಲ್ ಅನ್ನೋ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರಂ ಮೇಲೆ ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡಿ ಹಾಗೇ ಹೋಗಿಬಿಟ್ಟರು ಅಂತ ಹೇಳುತ್ತಾರೆ. ಅವರ ಗೋರಿ ಇಲ್ಲೇ, ಮೀರಾಸಾಹೇಬರ ದರ್ಗಾದಲ್ಲಿ ಇದೆ. ಉರುಸಿನಲ್ಲಿ ಅವರ ಹೆಸರಲ್ಲಿ ರಾತ್ರಿಯೆಲ್ಲ ಹಾಡು ನಡೆಯುತ್ತದೆ. ಒಂದೆರಡು ಸಲ ಮೈಕಿನ ಕೆಲಸಕ್ಕೆ ನಾನೂ ಹೋಗಿದ್ದೇನೆ.

ಸುಮ್ನೆ ಇಸವಿ ಕೂಡಿತು ಅಂತ ಈ ಮಾತು ಎತ್ತಲಿಲ್ಲ. ಹ್ಯಾಸೆಲ್ ಜರ್ಮನಿಯ ಕಲೋನ್‌ಗೆ ಹೋಗಿ ಸಂಗೀತ ರಚನೆಕಾರ ಸ್ಟಾಕ್‌ಹೌಸನ್ ಹತ್ತಿರ ಎಲೆಕ್ಟ್ರಾನಿಕ್ ಸಂಗೀತ ಕಲಿತು ಬಂದವರು. ಅಲ್ಲಿಂದ ಬಂದಮೇಲೆ ಪಂಡಿತ್ ಪ್ರಾಣನಾಥರ ಹಾಡು ಕಿವಿಗೆ ಬಿತ್ತು. ಪ್ರಾಣನಾಥರು 1918ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ಹಾಡಿನ ಹುಚ್ಚಿಗೆ ಚಿಕ್ಕಂದಿನಲ್ಲೇ ಮನೆ ಬಿಟ್ಟು, ಉಸ್ತಾದ್ ಅಬ್ದುಲ್ ವಹೀದ್ ಖಾನರ ಸೇವೆ ಮಾಡಿ ಕಲಿತರು. ಡೆಹ್ರಾಡೂನಿನ ತಪಕೇಶ್ವರ ಗುಹೆಯಲ್ಲಿ ಕೂತು ಸಾಧನೆ ಮಾಡಿದರು. 1970ರಲ್ಲಿ ಅಮೆರಿಕಕ್ಕೆ ಹೋದರು. ವಹೀದ್ ಖಾನರು ಯಾರು? ನಮ್ಮ ಕರೀಂ ಖಾನರ ಸಂಬಂಧಿಕರು, ಕಿರಾನಾ ಘರಾಣೆಯ, ಅಂದರೆ ಆ ಹಾಡಿನ ಪರಂಪರೆಯ, ಎರಡು ಕಂಬಗಳಲ್ಲಿ ಒಂದು. ಇನ್ನೊಂದು ಕಂಬವಾದ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಲೆಕ್ಕ ಹಾಕಿದರೆ ಮೆಂಫಿಸ್‌ನ ಟ್ರಂಪೆಟ್ಟಿನವರು ಭೀಮಸೇನ ಜೋಶಿಯವರಿಗೆ ದೂರದ ದಾಯಾದಿ! ಪ್ರಾಣನಾಥರ ಹತ್ತಿರ ಕಲಿಯೋಕೆ ಹ್ಯಾಸೆಲ್ ನಮ್ಮ ದೇಶಕ್ಕೂ ಬಂದು ಹೋದರು.

ಕಲಿತದ್ದು ಹಾಡು. ಅದನ್ನು ತಂದು ಟ್ರಂಪೆಟ್ಟಿನಲ್ಲಿ ಇಡಬೇಕು. ಅದು ಎಷ್ಟು ಕಷ್ಟ ಅಂತ ತಿಳಿಯಲು ಬ್ಯಾಂಡ್ ಕಾಕಾರನ್ನೇ ಕೇಳಿದೆ. ಬಾಸಿಂಗದ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ಅವರು ಅಂಗಡಿಯ ಸ್ಟೂಲ್ ಮೇಲೆ ಕೂತು ತೋರಿಸಿದರು. ಟ್ರಂಪೆಟ್‌ಗೆ ಮೂರೇ ಕೀಲಿ. ನಡುವಿನದು ಒತ್ತಿದರೆ ಸ್ವರ ಅರ್ಧ ಇಳಿಯುತ್ತದೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಏನೂ ಒತ್ತದಿದ್ದರೆ ಅದು ಉದ್ದನೆ ಕಹಳೆ ಅಷ್ಟೇ. ತುಟಿ ಬಿಗಿದಂತೆ ಸಾ, ಪಾ, ಮೇಲಿನ ಸಾ, ಗಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಮೆಟ್ಟಿಲ ನಡುವೆ ಜಾಗ ಇಲ್ಲ. ಆದರೆ ಕಿರಾನಾ ಹಾಡಿನಲ್ಲಿ ಇರೋದೆಲ್ಲ ಆ ನಡುವಿನ ಜಾಗವೇ ಅಲ್ವಾ? ರಿಷಭದಿಂದ ಷಡ್ಜಕ್ಕೆ ಇಳಿಯೋಕೆ ಅವರು ತೆಗೆದುಕೊಳ್ಳುವ ಹೊತ್ತಿನಲ್ಲಿ ನಮ್ಮ ಬ್ಯಾಂಡು ಒಂದು ಪೂರ್ತಿ ಹಾಡು ಮುಗಿಸುತ್ತದೆ.

ಹ್ಯಾಸೆಲ್ ಕೀಲಿ ಮರೆತು ಶಂಖ ಊದುವವರ ಹಾಗೆ ತುಟಿಯಿಂದಲೇ ಸ್ವರ ಬಗ್ಗಿಸೋಕೆ ಕಲಿತರಂತೆ. ಗುರುವಿನ ಗಂಟಲು ಹೇಗೆ ತಿರುಗುತ್ತದೋ ಹಾಗೇ ತುಟಿ ತಿರುಗಬೇಕು. ಕಾಕಾ ಇದನ್ನು ಕೇಳಿ ಒಂದು ಸಲ ಪ್ರಯತ್ನ ಮಾಡಿದರು. ಕಣಜದ ಹುಳ ಡಬ್ಬಿಯಲ್ಲಿ ಸಿಕ್ಕ ಹಾಗೆ ಗುಂಯ್ ಅಂತು. "ಹಲ್ಲು ಹಾಕಿಸ್ಕೊಂಡ ಮ್ಯಾಲ ನೋಡೂಣು" ಅಂದರು.

ಹೀಗೆ ಮೆತ್ತಗೆ ಊದಿದರೆ ಒಂದು ತೊಂದರೆ ಇದೆ. ಟ್ರಂಪೆಟ್ಟಿನ ಗಟ್ಟಿತನ ಹೋಗಿಬಿಡುತ್ತದೆ, ಮುಂದಿನ ಸಾಲಿನವರಿಗೂ ಕೇಳಿಸೋದಿಲ್ಲ. ಕರೆಂಟು ಬೇಕಾಗೋದು ಇಲ್ಲಿ. ಮೈಕು ಬಾಯಿಗೆ ಹತ್ತಿರ ಇಟ್ಟು, ಆ ದನಿಯನ್ನು ಫಿಲ್ಟರಿಗೆ, ಇಕೋಗೆ ಹಾಯಿಸುತ್ತಾರೆ. ಕೆಳಗೆ ಸಿಂಥಸೈಜರಿನಿಂದ ಬಿಡದೆ ಬರುವ ಒಂದೇ ಆಧಾರ ಶ್ರುತಿ. ಆಲ್ಬಮ್ಮಿನ ಬಹಳಷ್ಟು ರೆಕಾರ್ಡಿಂಗ್ ಆದದ್ದು ಕೆನಡಾದ ಟೊರೊಂಟೊದಲ್ಲಿ, ಯಾರ್ಕ್ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ ಸ್ಟುಡಿಯೋದಲ್ಲಿ. ತಾಳಕ್ಕೆ ಬ್ರೆಜಿಲಿನ ನಾನಾ ವಾಸ್ಕನ್ಸೆಲೋಸ್, ಡೇವಿಡ್ ರೋಸನ್‌ಬೂಮ್. ಟ್ರಂಪೆಟ್ಟಿಗೆ ಕರೆಂಟು ಕೊಟ್ಟವರಲ್ಲಿ ಹ್ಯಾಸೆಲ್ ಮೊದಲನೆಯವರೇನೂ ಆಗಿರಲಿಲ್ಲ. 1972ರಲ್ಲೇ ಜಾಝ್ ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ 'ಆನ್ ದ ಕಾರ್ನರ್' ಆಲ್ಬಮ್ಮಿನಲ್ಲಿ ಗಿಟಾರಿನವರ ವಾ-ವಾ ಪೆಡಲ್ಲಿಗೆ ಟ್ರಂಪೆಟ್ ಹಚ್ಚಿ, ಪಕ್ಕದಲ್ಲಿ ಬಾದಲ್ ರಾಯ್ ಅವರ ತಬಲಾ, ಎಲೆಕ್ಟ್ರಿಕ್ ಸಿತಾರು ಕೂರಿಸಿದ್ದರು. ಅದನ್ನೂ ಕೇಳಿದೆ. ಬಸ್ ಸ್ಟ್ಯಾಂಡಿನ ಗದ್ದಲದ ಹಾಗಿದೆ. ದೊಡ್ಡವರು, ನನಗೆ ಹಿಡಿಸಲಿಲ್ಲ ಅಂದರೆ ತಪ್ಪು ನನ್ನದೇ ಇರಬೇಕು.

ಆಲ್ಬಮ್ಮಿನ ಹೆಸರನ್ನೇ ಹೊತ್ತ ತುಣುಕು ಸುಮಾರು 22 ನಿಮಿಷ ಇದೆ. ಅದನ್ನು ಕೇಳುವಾಗ ನನ್ನ ಟೇಬಲ್ ಮೇಲೆ ಒಂದು ಎಲೆಕ್ಟ್ರಾನಿಕ್ ತಂಬೂರಿ ಬಿಚ್ಚಿಕೊಂಡು ಬಿದ್ದಿತ್ತು. ಗೋಡೆಗೆ ಒಂದು ನಿಜ ತಂಬೂರಿ ಒರಗಿತ್ತು. ಅದು ನಮ್ಮ ಸತಾರಮೇಕರ ಗಲ್ಲಿಯ ಚಾಚಾ ಒಬ್ಬರದು. ಪಿಕಪ್ (ವಾದ್ಯಕ್ಕೇ ಅಂಟಿಸುವ ಸಣ್ಣ ಮೈಕು) ಕೂರಿಸಿಕೊಡು ಅಂತ ಬಿಟ್ಟು ಹೋಗಿದ್ದರು.

ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಮಿರಜದಲ್ಲಿ ಸಿತಾರ್, ತಂಬೂರಿ ಮಾಡುವ ಮನೆಗಳು ಒಂದೂವರೆ ಶತಮಾನಕ್ಕಿಂತ ಹಿಂದಿನಿಂದ ಇವೆ. ಮೊದಲು ಕತ್ತಿ, ಆಯುಧ ಸಾಣೆ ಹಿಡಿಯುತ್ತಿದ್ದ ಮನೆತನ. ಆ ಕೆಲಸ ನಿಂತ ಮೇಲೆ ಅದೇ ಕೈ ತಂತಿವಾದ್ಯಕ್ಕೆ ತಿರುಗಿತು. ಬುರುಡೆ ಬರೋದು ಪಂಢರಪುರ, ಮಂಗಳವೇಢೆ ಕಡೆಯಿಂದ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿಐ ಟ್ಯಾಗ್ ಸಿಕ್ಕಿದೆ. ಚಾಚಾಗೆ ಧಾರವಾಡ, ಹುಬ್ಬಳ್ಳಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಕನ್ನಡ ಚೆನ್ನಾಗಿ ಬರುತ್ತದೆ. ನನ್ನನ್ನು ಬೈಯೋಕೆ ಅದನ್ನೇ ಬಳಸುತ್ತಾರೆ. "ನಿನ್ನ ಡಬ್ಬಿ ಬಂದು ನಮ್ಮ ಹೊಟ್ಟಿ ಮ್ಯಾಲ ಬಡೀತು" ಅನ್ನೋದು ಅವರ ಖಾಯಂ ಮಾತು. ಡಬ್ಬಿ ನಾನು ಕಂಡುಹಿಡಿದದ್ದಲ್ಲ ಚಾಚಾ ಅಂತ ನನ್ನ ಖಾಯಂ ಉತ್ತರ. ಎಲೆಕ್ಟ್ರಾನಿಕ್ ತಂಬೂರಿಯನ್ನು ತಂದವರು ಬೆಂಗಳೂರಿನ ಜಿ. ರಾಜ್ ನಾರಾಯಣ್, ಎಂಜಿನಿಯರು, ಕೊಳಲು ನುಡಿಸುವವರೂ ಹೌದು. ಅದೂ 1970ರ ದಶಕದ ಕೊನೆಗೇ. ಟೊರೊಂಟೊದಲ್ಲಿ ಹ್ಯಾಸೆಲ್ ಕರೆಂಟಿನ ಶ್ರುತಿ ಹಾಕಿಕೊಂಡು ರಾಗ ಊದಿದ ಕಾಲವೂ ಹೆಚ್ಚುಕಡಿಮೆ ಅದೇ.

ತಂಬೂರಿಗೆ ಪಿಕಪ್ ಕೂರಿಸುವ ಮೊದಲು ನಾನು ದಾರ ಸರಿಮಾಡುತ್ತೇನೆ. ಅಷ್ಟನ್ನು ಚಾಚಾ ಕಲಿಸಿದ್ದಾರೆ. ತಂತಿ ಹಾದುಹೋಗುವ ಹಲಗೆಗೆ ನಾವು ಕುದುರೆ ಅನ್ನುತ್ತೇವೆ, ಇಲ್ಲಿನವರು ಘೋಡಿ. (ನನಗೂ ಕುದುರೆಗೂ ಏನೋ ಋಣ ಇದೆ.) ಅದರ ಮೇಲ್ಮೈ ಚಪ್ಪಟೆ ಅನ್ನಿಸಿದರೂ ತುಸು ಉಬ್ಬು. ಅರ ಹಾಕಿ ಹಾಕಿ ಆ ಉಬ್ಬನ್ನು ತರುತ್ತಾರೆ. ತಂತಿ ಕಂಪಿಸುವಾಗ ಆ ಉಬ್ಬಿಗೆ ಸವರಿ ಸವರಿ ಹೋಗಬೇಕು. ತಂತಿಯ ಕೆಳಗೆ ಒಂದು ಹತ್ತಿ ದಾರ ಇರುತ್ತದೆ. ಬೆರಳಲ್ಲಿ ಮೀಟುತ್ತಾ, ಇನ್ನೊಂದು ಕೈಯಿಂದ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಆ ಕಡೆ ಹೋದರೆ ಟಪ್ ಅಂತ ಮಣ್ಣಿನ ಸದ್ದು. ಈ ಕಡೆ ಬಂದರೆ ತಗಡು. ನಡುವೆ ಒಂದೇ ಒಂದು ಜಾಗದಲ್ಲಿ ತಂತಿ ಬಾಯಿ ತೆರೆಯುತ್ತದೆ. ಝೂಂ ಅಂತ ಶುರುವಾಗಿ ಒಳಗಿಂದ ಒಂದೊಂದೇ ಸ್ವರ ಇಳಿದು ಬರುತ್ತದೆ. ಗಾಂಧಾರಕ್ಕೆ ಯಾವ ತಂತಿಯನ್ನೂ ಕಟ್ಟಿಲ್ಲ, ಆದರೂ ಗಾಂಧಾರ ಕೇಳುತ್ತದೆ. ಇದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಕೋಳಿ, ಜವಾರಿ ಸೌತೆಕಾಯಿ. ಶಬ್ದ ಬೇರೆ ಬೇರೆ ಇರಬಹುದು, ನನಗಂತೂ ರುಚಿ ಒಂದೇ.

ತಂತಿಯನ್ನು ನಡುಮಧ್ಯೆ ಮೀಟಿದರೆ ಕೆಲವು ಮೇಲುಸ್ವರಗಳು ಬರಲೇಬಾರದು, ಅದು ಭೌತಶಾಸ್ತ್ರದ ನಿಯಮ. ತಂಬೂರಿಯಲ್ಲಿ ಅವು ಬರುತ್ತವೆ. ಆ ಕುದುರೆಯ ಉಬ್ಬಿನಿಂದಲೇ ಇದು ಆಗೋದು ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ.

ಆವತ್ತು ಸ್ಪೀಕರಿನಲ್ಲಿ ಹ್ಯಾಸೆಲ್, ಕೈಯಲ್ಲಿ ದಾರ. ದಾರ ಜಾಗಕ್ಕೆ ಬಂದಾಗ ತಂತಿ ಬಿಚ್ಚಿಕೊಂಡ ರೀತಿ, ಫಿಲ್ಟರಿನಲ್ಲಿ ಆ ಟ್ರಂಪೆಟ್ ಬಿಚ್ಚಿಕೊಳ್ಳುವ ರೀತಿ, ಎರಡೂ ಒಂದೇ ಅನ್ನಿಸಿ ಕೈ ನಿಂತಿತು. ಫಿಲ್ಟರ್ ಅನ್ನೋದು ಹೊರಗಿಂದ ಏನೂ ತರುವುದಿಲ್ಲ. ದನಿಯಲ್ಲಿ ಇದ್ದದ್ದನ್ನೇ ಒಂದನ್ನು ಮುಂದೆ ತಳ್ಳಿ, ಒಂದನ್ನು ಹಿಂದೆ ಎಳೆಯುತ್ತದೆ. ದಾರ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಮೀಟಿನಲ್ಲಿ ಇಲ್ಲದ ಮೇಲುಸ್ವರವನ್ನೂ ಎಬ್ಬಿಸುತ್ತದೆ. ಆದರೆ ಅದೂ ಹೊರಗಿಂದ ಬಂದದ್ದಲ್ಲ, ಅದೇ ತಂತಿಯದು. ನಮ್ಮ ಹಿರಿಯರು ಕರೆಂಟಿಲ್ಲದೆ ನಾಲ್ಕಾಣೆ ದಾರದಲ್ಲಿ ಫಿಲ್ಟರ್ ಮಾಡಿಟ್ಟಿದ್ದರು. ಹೀಗಂತ ಚಾಚಾಗೆ ಹೇಳಿದರೆ, "ನಾಲ್ಕಾಣೆ ದಾರಕ್ಕ, ಕೈಗೆ ಎಷ್ಟು?" ಅಂದರು.

ಇದೇ ಕಾರಣಕ್ಕೆ ಹ್ಯಾಸೆಲ್ ಅವರ ಹೆಚ್ಚು ಹೆಸರಾದ ಆಲ್ಬಂ ನನಗೆ ಅಷ್ಟು ಹಿಡಿಸಲಿಲ್ಲ. ಅದು 1980ರದ್ದು, ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಜೊತೆ ಮಾಡಿದ್ದು, 'ಫೋರ್ತ್ ವರ್ಲ್ಡ್, ವಾಲ್ಯೂಮ್ 1: ಪಾಸಿಬಲ್ ಮ್ಯೂಸಿಕ್ಸ್'. ಆ ಕಾಲದಲ್ಲಿ ಹ್ಯಾಸೆಲ್ ಕೈಗೆ ಹಾರ್ಮೊನೈಸರ್ ಬಂದಿತ್ತು. ಇವೆಂಟೈಡ್ ಕಂಪನಿಯ ಎಚ್910 ಅನ್ನೋದು 1975ರಲ್ಲಿ ಮಾರುಕಟ್ಟೆಗೆ ಬಂದ ಇಂಥ ಮೊದಲ ಡಬ್ಬಿ. ಕ್ಯಾಸೆಟ್ಟನ್ನು ಜೋರಾಗಿ ಓಡಿಸಿದರೆ ದನಿ ಏರುತ್ತದೆ, ಹಾಡೂ ಬೇಗ ಮುಗಿಯುತ್ತದೆ. ಈ ಡಬ್ಬಿ ದನಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಮೆಮೊರಿಯಲ್ಲಿ ಇಟ್ಟುಕೊಂಡು, ಪ್ರತಿ ತುಂಡನ್ನೂ ಬೇಗ ಓದಿ, ಉಳಿದ ಹೊತ್ತಿಗೆ ಅದನ್ನೇ ಇನ್ನೊಂದು ಸಲ ಓದುತ್ತದೆ. ಸ್ವರ ಏರಿತು, ಕಾಲ ಹಾಗೇ ಉಳಿಯಿತು. ಒಬ್ಬರು ಊದಿದರೆ ಪಂಚಮದಲ್ಲಿ ಇನ್ನೊಬ್ಬರು ಜೊತೆಗೂಡಿದ ಹಾಗೆ ಕೇಳುತ್ತದೆ. ಮೀಂಡ್ ಎಳೆದರೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರಿದರೆ, ಆ ಇನ್ನೊಬ್ಬರೂ ಅಷ್ಟೇ ಎಳೆಯುತ್ತಾರೆ. ರಿಪೇರಿ ಮಾಡುವವನಾಗಿ ಡಬ್ಬಿಗೆ ಕೈ ಮುಗಿಯುತ್ತೇನೆ. ಕೇಳುವವನಾಗಿ ಮಾತ್ರ, ಬಾಡಿಗೆಗೆ ಕರೆಸಿದ ಜನ ಒಬ್ಬರ ಹಿಂದೆ ಒಬ್ಬರು ತಲೆಯಾಡಿಸಿದ ಹಾಗೆ ಅನ್ನಿಸುತ್ತದೆ. ದನಿಯಲ್ಲಿ ಇಲ್ಲದ್ದನ್ನು ತಂದು ಪಕ್ಕದಲ್ಲಿ ಕೂರಿಸಿದ್ದು ಅದು. ಪುಣೆಯ ಹುಡುಗ ಇದನ್ನು ಒಪ್ಪೋದೇ ಇಲ್ಲ. ಅವನಿಗೆ ಅದರಲ್ಲಿನ 21 ನಿಮಿಷದ 'ಚಾರ್ಮ್' ಅಂದರೆ ಪ್ರಾಣ. ನಾವಿಬ್ಬರೂ ವಾಟ್ಸಾಪಿನಲ್ಲಿ ಇದಕ್ಕೆ ಜಗಳ ಆಡಿದ್ದು ನೋಡಿ ನನ್ನ ಹೆಂಡತಿ, ಯಾರದೋ ಹೊಲದ ಬದುವಿನ ತಂಟೆ ಅಂದುಕೊಂಡಿದ್ದಳು.

ಚಾಚಾ ತಂಬೂರಿ ಒಯ್ಯಲು ಬಂದಾಗ ಆ 22 ನಿಮಿಷದ ತುಣುಕು ಹಚ್ಚಿದೆ. ಯಾರು, ಏನು ಅಂತ ಹೇಳಲಿಲ್ಲ. ಚಹಾ ತರಿಸಿದೆ. ಚಹಾ ಆರುವವರೆಗೂ ಅವರು ಕಪ್ಪು ಮುಟ್ಟಲಿಲ್ಲ.

"ಊದಾಂವ ಕಲ್ತಾನ" ಅಂದರು ಕೊನೆಗೆ. "ಗುರು ಇದ್ದಾನ ಅಂವಗ. ಆದರ ಹಿಂದಿನ ಸುರ ಸತ್ತೈತಿ."

ಸಿಂಥಸೈಜರಿನ ಶ್ರುತಿಯ ಮಾತು ಅದು. ನಾನು ವಾದ ಮಾಡಿದೆ. ಎಷ್ಟು ಗಟ್ಟಿ ನಿಂತಿದೆ ನೋಡ್ರಿ ಚಾಚಾ, 22 ನಿಮಿಷದಲ್ಲಿ ಒಂದು ಎಳೆ ಅಲುಗಿಲ್ಲ ಅಂದೆ. ಅದಕ್ಕೇ ಸತ್ತೈತಿ ಅಂದರು. ತಂಬೂರಿ ಮಡಿಲಿಗೆ ತೆಗೆದುಕೊಂಡು ನಾಲ್ಕೂ ತಂತಿ ಮೀಟಿದರು. ಪಂಚಮ ಒಂದು ಚೂರು ಇಳಿದಿತ್ತು. ಬಿರಡೆಗೆ ಕೈ ಹಾಕದೆ ಹಾಗೇ ಮೀಟುತ್ತಾ ಕೂತರು. ಸ್ಪೀಕರಿನಲ್ಲಿ ಟ್ರಂಪೆಟ್ ಬೇರೆ ಶ್ರುತಿಯಲ್ಲಿ, ಮಡಿಲಲ್ಲಿ ತಂಬೂರಿ ಬೇರೆ ಶ್ರುತಿಯಲ್ಲಿ. ಕಿವಿಗೆ ಮುಳ್ಳು ಚುಚ್ಚಿದ ಹಾಗೆ ಆಯಿತು, ಫೋನ್ ಬಂದ್ ಮಾಡಿದೆ. ಚಾಚಾ ಆಗ ಬಿರಡೆ ತಿರುವಿದರು.

ಆಲ್ಬಮ್ಮಿನ ಕೊನೇ ತುಣುಕು ಎರಡೇ ನಿಮಿಷ. ವೆನೆಜುವೆಲಾದ ಕಾರಾಕಾಸ್ ಊರಿನ ಒಂದು ರಾತ್ರಿ, 1975ರ ಸೆಪ್ಟೆಂಬರ್ 11. ಹುಳಹುಪ್ಪಟೆಯ ಸದ್ದು, ದೂರದಲ್ಲಿ ಟ್ರಂಪೆಟ್. ಜತ್ತದಲ್ಲಿ ಮಳೆಗಾಲದ ರಾತ್ರಿ ಮನೆಯಂಗಳದಲ್ಲಿ ಹೊರಸಿನ ಮೇಲೆ ಮಲಗಿದರೆ ಇದೇ ಸದ್ದು, ಟ್ರಂಪೆಟ್ ಒಂದು ಬಿಟ್ಟು. ಇದನ್ನು ಚಾಚಾಗೆ ಇನ್ನೂ ಕೇಳಿಸಿಲ್ಲ. ಹಿಂದೆ ಸುರವೇ ಇಲ್ಲ, ಬೈಯೋಕೆ ಏನು ಹುಡುಕುತ್ತಾರೋ ನೋಡಬೇಕು.

ಬ್ಯಾಂಡ್ ಕಾಕಾಗೆ ಹೊಸ ಹಲ್ಲು ಬಂದಿವೆ. ಇಕೋ ಡಬ್ಬಿ ಮತ್ತೆ ಬೇಕಂತೆ. ರಿಪೀಟ್ ಗುಬ್ಬಿಯ ಪಕ್ಕ ಒಂದು ಸಣ್ಣ ಮೊಳೆ ಕೂರಿಸಿದ್ದೇನೆ, ಇನ್ನು ಅರ್ಧಕ್ಕಿಂತ ಆಚೆ ತಿರುಗೋದಿಲ್ಲ. ಮುಂದಿನ ಸೀಸನ್ನಿನ ಮೊದಲ ಲಗ್ನ ಮಾಲಗಾಂವ ರಸ್ತೆಯ ಕಡೆ ಇದೆ. ಆ ರಸ್ತೆಯಲ್ಲಿ ಸ್ಪೀಡ್‌ಬ್ರೇಕರ್ ಎಷ್ಟಿವೆ ಅಂತ ಮೊನ್ನೆ ಗಾಡಿ ತಗೊಂಡು ಹೋಗಿ ಎಣಿಸಿ ಬಂದೆ.